ಜೀವಂತ ಶರೀರದಲ್ಲಿ ರಕ್ಷಕಕಣಗಳ ದರ್ಶನ

೧. ಪೀಠಿಕೆ

ಜಗತ್ತಿನ ಸಮಸ್ತ ವಸ್ತುಗಳನ್ನು ಸ್ಥಾವರ, ಜಂಗಮ ಎಂದು ಎರಡು ಬಗೆಯಾಗಿ ವಿಂಗಡಿಸುವ ಕ್ರಮವು ಭರತಖಂಡದಲ್ಲಿ ಬಹು ಪುರಾತನವಾದುದು. ಶಿವಶರಣರು ಈ ಎರಡು ಪದಗಳಿಗೆ ಮತ್ತಷ್ಟು ಗಂಭೀರವಾದ ಅರ್ಥವನ್ನು ಕೊಟ್ಟು, ಚೈತನ್ಯದ ನಿಜವಾದ ನೆಲೆಯು ಜಂಗಮದಲ್ಲಿಯೇ ಎಂದು ಸಾರಿದರೆಂಬುದು ಶ್ರೀಮಠದ ಸದ್ಭಕ್ತರಿಗೆಲ್ಲ ವಿದಿತವೇ ಆಗಿದೆ. ಪಾಶ್ಚಾತ್ಯರ ಶರೀರಶಾಸ್ತ್ರದ ಇತಿಹಾಸವನ್ನು ಪರಿಶೀಲಿಸಿದರೆ ಅಲ್ಲಿಯೂ ಇದಕ್ಕೆ ಹೋಲುವ ಒಂದು ಪ್ರಶ್ನೆಯು ತಲೆಯೆತ್ತಿ, ಬಹುಕಾಲ ಪಂಡಿತರನ್ನು ಕಾಡಿರುವುದು ಕಂಡುಬರುತ್ತದೆ. ಪ್ರಾಣ ಹೋದ ಅಂಗದ ತುಣುಕಿಗೆ ಬಣ್ಣ ಕಟ್ಟಿ, ಗಾಜಿನ ಮೇಲಿಟ್ಟು ನೋಡಿದರೆ ಜೀವದ ವ್ಯಾಪಾರವು ತಿಳಿಯುವುದೆ? ಇಲ್ಲವೆ ಉಸಿರಾಡುತ್ತಿರುವ ಪ್ರಾಣಿಯ ಅಂಗದಲ್ಲಿಯೇ, ರಕ್ತವು ಹರಿಯುತ್ತಿರುವಾಗಲೇ, ಅದನ್ನು ನೋಡಬೇಕೆ? ಇದೇ ಆ ಪ್ರಶ್ನೆಯು.

ಈ ಪ್ರಶ್ನೆಯು ಬಹಳವಾಗಿ ಬಾಧಿಸಿದುದು ರಕ್ತದೊಳಗಿನ ಬಿಳಿಯ ಕಣಗಳ ವಿಷಯದಲ್ಲಿ. ಒಂದು ಘನ ಮಿಲಿಮೀಟರು ಮಾನವರಕ್ತದಲ್ಲಿ ಕೆಂಪು ಕಣಗಳು ಸುಮಾರು ೫೦ ಲಕ್ಷದಷ್ಟಿದ್ದರೆ ಬಿಳಿಯ ಕಣಗಳು ಕೆಲವು ಸಾವಿರ ಮಾತ್ರ. ಗಾಯವು ಕೀತಾಗ, ಅಂಗವು ಬಾತು ಕೆಂಪಾಗಿ ಉರಿಯುವಾಗ, ಅಲ್ಲಿ ಈ ಬಿಳಿಯ ಕಣಗಳ ಗುಂಪೇ ನೆರೆದಿರುತ್ತದೆ. ಇವು ಎಲ್ಲಿಂದ ಬಂದವು? ರೋಗವನ್ನು ತಂದವುಗಳು ಇವೋ, ರೋಗವನ್ನು ತಡೆಯಲು ಬಂದವುಗಳೋ? ಸುಟ್ಟುಹೋದ ಮನೆಯ ಮುಂದೆ ನೆರೆದವರ ಚಿತ್ರವೊಂದನ್ನು ನೋಡಿ, ಅವರು ಬೆಂಕಿಯಿಟ್ಟವರೋ ಆರಿಸಲು ಬಂದವರೋ ಎಂದು ಹೇಳುವುದು ಹೇಗೆ ಕಷ್ಟವೋ ಹಾಗೆಯೇ ಸತ್ತ ಅಂಗದ ತುಣುಕನ್ನು ನೋಡಿ ಇದನ್ನು ನಿರ್ಣಯಿಸುವುದೂ ಕಷ್ಟವಾಗಿದ್ದಿತು.

ಶಾಸ್ತ್ರಕಾರರು ಪ್ರತ್ಯಕ್ಷ, ಅನುಮಾನ, ಶಬ್ದಾದಿ ಪ್ರಮಾಣಗಳನ್ನು ಹೇಳಿರುವರು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಅನುಮಾನ. ಬೆಂಕಿಯನ್ನೇ ಕಾಣುವುದು ಪ್ರತ್ಯಕ್ಷ. ರಕ್ಷಕಕಣಗಳ ವಿಷಯದಲ್ಲಿ ಮಾನವನ ಜ್ಞಾನವು ಅನುಮಾನದಿಂದ ಪ್ರತ್ಯಕ್ಷಕ್ಕೆ ಹೇಗೆ ಬಂದಿತು, ಬರುವ ದಾರಿಯಲ್ಲಿ ಎಷ್ಟು ಮಂದಿಯ ಮತಗಳು ಬಿದ್ದುವು, ಕೊನೆಗೆ ಆ ಪ್ರತ್ಯಕ್ಷವೂ ಏನನ್ನು ಕಲಿಸಿತು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶವು.

೨. ರಕ್ತಸಂಚಾರವನ್ನು ಕಂಡವರು

ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನು ಕ್ರಿ. ಶ. ೧೬೨೮ರಲ್ಲಿ, ರಕ್ತವು ಹೃದಯದಿಂದ ಹೊರಟು ಶರೀರವನ್ನೆಲ್ಲ ಸುತ್ತಿ ಮರಳಿ ಹೃದಯವನ್ನೇ ಸೇರುವುದೆಂದು ಪ್ರತಿಪಾದಿಸಿದನು. ಆದರೆ ಹೊರಡುವ ನಾಳಗಳಿಂದ ಮರಳುವ ನಾಳಗಳಿಗೆ ರಕ್ತವು ದಾಟುವ ಮಾರ್ಗವನ್ನು ಅವನು ಕಂಡಿರಲಿಲ್ಲ. ಆ ಭಾಗವು ಅವನಿಗೆ ಕೇವಲ ಅನುಮಾನವೇ ಆಗಿದ್ದಿತು. ಹಾರ್ವೆಯು ಕಾಲವಾದ ಮೇಲೆ, ೧೬೬೧ರಲ್ಲಿ, ಇಟಲಿಯ ಮಾಲ್ಪೀಗಿ ಎಂಬ ಪಂಡಿತನು ಕಪ್ಪೆಯ ಶ್ವಾಸಕೋಶದಲ್ಲಿ ಕೂದಲಿಗಿಂತಲೂ ಸೂಕ್ಷ್ಮವಾದ ನಾಳಗಳ ಜಾಲವನ್ನು ಸೂಕ್ಷ್ಮದರ್ಶಕದಿಂದ ಕಂಡು ಆ ಕೊರತೆಯನ್ನು ತುಂಬಿದನು.

ಬಳಿಕ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ಎಂಬುವನು ಬಂದನು. ಇವನು ಪಾಠಶಾಲೆಗಳಲ್ಲಿ ಲ್ಯಾಟಿನ್ ಕಲಿತ ಪಂಡಿತನಲ್ಲ, ಬಟ್ಟೆಯ ವ್ಯಾಪಾರಿಯು. ತಾನೇ ಅರೆದು ಮಾಡಿದ ಪುಟ್ಟ ಮಸೂರಗಳಿಂದ, ಸಿಕ್ಕಿದ ವಸ್ತುವನ್ನೆಲ್ಲ ನೋಡಿ, ಕಂಡುದನ್ನು ತನ್ನ ತಾಯ್ನುಡಿಯಲ್ಲಿ ಬರೆದು ಲಂಡನ್ನಿನ ರಾಯಲ್ ಸೊಸಾಯಿಟಿಗೆ ಕಳುಹಿಸುತ್ತಿದ್ದನು. ೧೬೮೮ರಲ್ಲಿ ಇವನು ಕಪ್ಪೆಯ ಮರಿಯ ಪಾರದರ್ಶಕವಾದ ಬಾಲದಲ್ಲಿ ರಕ್ತಕಣಗಳು ಒಂದೊಂದಾಗಿ ಹರಿದು ಹೋಗುವುದನ್ನು ಕಂಡು ವರ್ಣಿಸಿದನು. ಶರೀರವನ್ನು ಸೀಳದೆ, ಪ್ರಾಣಿಯು ಬದುಕಿರುವಾಗಲೇ ಒಳಗಿನ ವ್ಯಾಪಾರವನ್ನು ನೋಡಬಹುದೆಂಬುದು ಹೀಗೆ ಸಿದ್ಧವಾಯಿತು. ಎಲ್ಲಿ ಅಂಗವು ತಾನಾಗಿಯೇ ಪಾರದರ್ಶಕವಾಗಿದೆಯೋ ಅಲ್ಲಿ ಪ್ರಕೃತಿಯೇ ಕಿಟಕಿಯೊಂದನ್ನು ತೆರೆದಿಟ್ಟಿದೆ. ಆ ಕಿಟಕಿಯನ್ನು ಹುಡುಕುವುದಷ್ಟೇ ನೋಡುವವನ ಕೆಲಸವು. ಮುಂದಿನ ಮೂರು ಶತಮಾನಗಳ ಇತಿಹಾಸವು ಬಹುಮಟ್ಟಿಗೆ ಇಂತಹ ಕಿಟಕಿಗಳ ಇತಿಹಾಸವೇ ಆಗಿದೆ.

೩. ಗುರುವಿನ ಮತ, ಶಿಷ್ಯನ ದರ್ಶನ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪಿನ ರೋಗಶಾಸ್ತ್ರಕ್ಕೆ ಆಚಾರ್ಯಸ್ಥಾನದಲ್ಲಿದ್ದವನು ಬರ್ಲಿನ್ನಿನ ರುಡಾಲ್ಫ್ ವಿರ್ಖೋ. ಎಲ್ಲ ಜೀವಕೋಶಗಳೂ ಜೀವಕೋಶಗಳಿಂದಲೇ ಹುಟ್ಟುವುವೆಂಬ ತತ್ತ್ವವನ್ನು ಪ್ರಚಾರಗೊಳಿಸಿದ ಮಹನೀಯನು ಇವನು. ಇವನ ಹೆಸರಾಂತ ಗ್ರಂಥವು ೧೮೫೮ರಲ್ಲಿ ಪ್ರಕಟವಾಯಿತು. ಈ ತತ್ತ್ವಕ್ಕೆ ಅನುಸಾರವಾಗಿ, ಕೀವಿನಲ್ಲಿರುವ ಕಣಗಳು ಗಾಯದ ಸ್ಥಳದಲ್ಲಿರುವ ಜೀವಕೋಶಗಳೇ ಒಡೆದು ಹೆಚ್ಚಿದುದರ ಫಲವೆಂದು ಅವನು ಬೋಧಿಸುತ್ತಿದ್ದನು. ಸತ್ತ ಅಂಗಗಳ ತುಣುಕುಗಳನ್ನು ನೋಡಿದವರಿಗೆ ಈ ಮತವು ಸಮಂಜಸವಾಗಿಯೇ ತೋರುತ್ತಿದ್ದಿತು.

ಇದಕ್ಕೆ ಮುಂಚೆಯೇ ಬೇರೊಂದು ರೀತಿಯಾಗಿ ಕಂಡವರು ಇಲ್ಲದಿರಲಿಲ್ಲ. ಫ್ರಾನ್ಸಿನ ದ್ಯುತ್ರೋಶೆ ಎಂಬುವನು ೧೮೨೪ರಲ್ಲಿಯೂ, ಇಂಗ್ಲೆಂಡಿನ ಅಗಸ್ಟಸ್ ವಾಲರನು ೧೮೪೬ರಲ್ಲಿಯೂ, ಕಣಗಳು ರಕ್ತನಾಳದ ಗೋಡೆಯನ್ನು ದಾಟಿ ಹೊರಬರುವುದನ್ನು ನೋಡಿದುದಾಗಿ ಬರೆದಿದ್ದರು. ವಾಲರನು ನೋಡಿದುದು ಬದುಕಿರುವ ಕಪ್ಪೆಯ ನಾಲಿಗೆಯಲ್ಲಿ. ಆದರೆ ಇವರ ಮಾತು ಪಂಡಿತಮಂಡಲಿಯಲ್ಲಿ ನೆಲೆಯೂರಲಿಲ್ಲ. ಗೋಡೆಯಲ್ಲಿ ಬಾಗಿಲಿಲ್ಲದಿರಲು ಒಳಗಿನವನು ಹೊರಬರುವುದೆಂತು ಎಂಬ ಶಂಕೆಯೇ ಬಲವಾಗಿದ್ದಿತು.

ಆಚಾರ್ಯನ ಶಾಲೆಯಲ್ಲಿಯೇ ಅಭ್ಯಾಸಮಾಡಿ ಸಹಾಯಕನಾಗಿದ್ದ ಯೂಲಿಯುಸ್ ಕೋನ್‌ಹೈಮ್ ಎಂಬ ತರುಣನು ಈ ಶಂಕೆಯನ್ನು ಪ್ರತ್ಯಕ್ಷದಿಂದಲೇ ಪರಿಹರಿಸಲು ಮುಂದಾದನು. ಮೊದಲು ಅವನು ಕಪ್ಪೆಯ ಶರೀರದಲ್ಲಿ ನೀಲಿಯ ಬಣ್ಣದ ಸೂಕ್ಷ್ಮಚೂರ್ಣವನ್ನು ಸೇರಿಸಿದನು. ರಕ್ತದ ಬಿಳಿಯ ಕಣಗಳು ಅದನ್ನು ತಮ್ಮೊಳಗೆ ತೆಗೆದುಕೊಂಡವು. ಬಳಿಕ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಕೆಣಕಿ ಉರಿಯನ್ನು ಹುಟ್ಟಿಸಿದನು. ಆ ಪಟಲದಲ್ಲಿ ರಕ್ತನಾಳವೇ ಇರುವುದಿಲ್ಲ. ಹೀಗಿದ್ದರೂ ಅಲ್ಲಿ ನೆರೆದ ಕಣಗಳಲ್ಲಿ ನೀಲಿಯ ಗುರುತುಳ್ಳವು ಕಂಡುಬಂದುವು. ಅಂದಮೇಲೆ ಅವು ಆ ಸ್ಥಳದಲ್ಲಿ ಹುಟ್ಟಿದವುಗಳಲ್ಲ. ಹೊರಗಿನಿಂದ ಬಂದ ಅತಿಥಿಗಳು.

ಇಷ್ಟರಿಂದ ತೃಪ್ತನಾಗದೆ ಅವನು ಕಪ್ಪೆಯ ಕರುಳನ್ನು ಹಿಡಿದಿರುವ ತೆಳುವಾದ ಪೊರೆಯನ್ನು ಹೊರತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಗಂಟೆಗಟ್ಟಲೆ ಕಣ್ಣಿಟ್ಟು ಕುಳಿತನು. ಮೊದಲು ನಾಳಗಳು ಹಿಗ್ಗಿದುವು. ರಭಸವಾಗಿದ್ದ ಪ್ರವಾಹವು ಮೆಲ್ಲನೆ ಮಂದವಾಯಿತು. ಕೆಂಪು ಕಣಗಳು ನಡುಹೊಳೆಯಲ್ಲಿಯೇ ಸಾಗುತ್ತಿರಲು, ಬಿಳಿಯ ಕಣಗಳು ದಡದ ಕಡೆಗೆ ಸರಿದು ನಾಳದ ಒಳಗೋಡೆಗೆ ಅಂಟಿಕೊಂಡು ಸಾಲಾಗಿ ನಿಂತುವು. ಅನಂತರ ಗೋಡೆಯ ಹೊರಬದಿಯಲ್ಲಿ ಸೂಜಿಯ ಮೊನೆಯಂತಹ ಒಂದು ಬಿಂದುವು ಕಾಣಿಸಿಕೊಂಡಿತು. ಅದು ಮೊಗ್ಗಿನಂತೆ ಬೆಳೆಯುತ್ತ ಬಂದಂತೆಲ್ಲ ಒಳಬದಿಯ ಕಣವು ಸಣ್ಣದಾಗುತ್ತ ಹೋಯಿತು. ಕಡೆಗೆ ಒಂದು ಎಳೆಯಷ್ಟು ತೊಟ್ಟು ಉಳಿದು, ಅದೂ ಕಳಚಿ, ಕಣವು ಸಂಪೂರ್ಣವಾಗಿ ಹೊರಗೆ ಬಂದಿತು. ಒಂದರ ಹಿಂದೆ ಒಂದರಂತೆ ಅಸಂಖ್ಯಾತ ಕಣಗಳು ಹೀಗೆ ಹೊರಬಂದು ನಾಳದ ಸುತ್ತ ನೆರೆದುವು. ಬಾಗಿಲಿಲ್ಲದ ಗೋಡೆಯಲ್ಲಿ ದಾರಿಯನ್ನು ಮಾಡಿಕೊಳ್ಳುವ ಸಾಮರ್ಥ್ಯವು ಆ ಕಣಗಳಿಗೆ ಇದ್ದಿತು.

ಈ ದರ್ಶನವು ಗುರುವಿನ ಮತಕ್ಕೆ ನೇರವಾಗಿ ವಿರುದ್ಧವಾದುದು. ಹಾಗಿದ್ದರೂ ೧೮೬೭ರಲ್ಲಿ ಇದು ಪ್ರಕಟವಾದುದು ಆ ಗುರುವಿನ ಸಂಪಾದಕತ್ವದ ಪತ್ರಿಕೆಯಲ್ಲಿಯೇ ಎಂಬುದು ಗಮನಿಸತಕ್ಕ ಮಾತು. ಶಿಷ್ಯನು ಗುರುವನ್ನು ನಿಂದಿಸಲಿಲ್ಲ. ಕಂಡುದನ್ನು ಮರೆಮಾಚಲೂ ಇಲ್ಲ. ಗುರುವು ಶಿಷ್ಯನ ಬರಹವನ್ನು ತಡೆಯಲಿಲ್ಲ. ಗುರುಶಿಷ್ಯ ಸಂಬಂಧವು ಸತ್ಯಕ್ಕೆ ಅಡ್ಡಿಯಾಗದೆ ಸತ್ಯಕ್ಕೇ ಹಾದಿಯಾದ ನಿದರ್ಶನಗಳಲ್ಲಿ ಇದನ್ನೂ ಒಂದೆಂದು ಎಣಿಸಬಹುದು.

೪. ಗುಲಾಬಿಯ ಮುಳ್ಳು

ಕಣಗಳು ರಕ್ತದಿಂದ ಬರುವುವೆಂಬುದು ಸಿದ್ಧವಾಯಿತು. ಆದರೆ ಅವು ಬರುವುದು ಏತಕ್ಕೆ? ಈ ಪ್ರಶ್ನೆಗೆ ಕೋನ್‌ಹೈಮನ ಪೊರೆಯು ಉತ್ತರವನ್ನು ಕೊಡಲಿಲ್ಲ. ರೋಗಬೀಜಗಳು ಬಿಳಿಯ ಕಣಗಳೊಳಗೆ ಹಲವು ಸಲ ಕಂಡುಬರುತ್ತಿದ್ದುದರಿಂದ, ಈ ಕಣಗಳೇ ಆ ಬೀಜಗಳಿಗೆ ವಾಹನವಾಗಿ ರೋಗವನ್ನು ದೇಹವೆಲ್ಲಕ್ಕೂ ಹರಡುವುವೆಂದು ಅನೇಕ ವೈದ್ಯರು ನಂಬಿದ್ದರು.

ಈ ನಂಬಿಕೆಯನ್ನು ಅಲುಗಿಸಿದವನು ವೈದ್ಯನಲ್ಲ. ಇಲಿಯಾ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞನು. ಅವನು ಆಗಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಖಾರ್ಕೋವ್ ಪ್ರಾಂತದಲ್ಲಿ ೧೮೪೫ರಲ್ಲಿ ಹುಟ್ಟಿದವನು. ೧೮೮೨ರಲ್ಲಿ ಸಿಸಿಲಿಯ ಮೆಸ್ಸೀನಾ ನಗರದ ಕಡಲತೀರದಲ್ಲಿ ಅವನು ವಾಸವಾಗಿದ್ದನು. ಅಲ್ಲಿಯ ಸಮುದ್ರದಲ್ಲಿ ದೊರೆಯುವ ನಕ್ಷತ್ರಮೀನಿನ ಮರಿಯು ಗಾಜಿನಂತೆ ಪಾರದರ್ಶಕವಾದುದು, ಅದಕ್ಕೆ ರಕ್ತನಾಳಗಳಿಲ್ಲ, ಆದರೆ ಅದರ ಮೈಯೊಳಗೆ ತಿರುಗಾಡುವ ಕಣಗಳು ಉಂಟು. ಒಂದು ದಿನ ಮನೆಯವರು ಆಟವನ್ನು ನೋಡಲು ಹೋಗಿದ್ದಾಗ ಒಬ್ಬನೇ ಕುಳಿತು ಈ ಕಣಗಳನ್ನು ನೋಡುತ್ತಿದ್ದ ಅವನಿಗೆ ಒಂದು ಆಲೋಚನೆಯು ಹೊಳೆಯಿತು. ಇವು ದೇಹದ ಕಾವಲುಗಾರರೇ ಆಗಿದ್ದಲ್ಲಿ, ಮೈಗೆ ಮುಳ್ಳೊಂದು ಚುಚ್ಚಿದರೆ ಅದರ ಬಳಿಗೆ ಓಡಿಬರಬೇಕಲ್ಲವೆ? ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಚರ್ಮದ ಕೆಳಗೆ ಚುಚ್ಚಿದನು. ಆ ರಾತ್ರಿ ಅವನಿಗೆ ನಿದ್ರೆ ಹತ್ತಲಿಲ್ಲ. ಮರುದಿನ ಬೆಳಗಾಗುತ್ತಲೇ ನೋಡಲಾಗಿ, ಮುಳ್ಳಿನ ಸುತ್ತಲೂ ಸಂಚಾರಿಕಣಗಳು ದಟ್ಟವಾಗಿ ಮುತ್ತಿಕೊಂಡಿದ್ದುವು.

ನಾಳಗಳಿಲ್ಲದ ಪ್ರಾಣಿಯಲ್ಲಿಯೂ ಕಣಗಳು ಹೀಗೆ ಬಂದುದರಿಂದ, ಅವುಗಳ ಬರವು ಕೇವಲ ರಕ್ತನಾಳದ ವಿಕಾರವಲ್ಲ, ಕಣಗಳ ಸ್ವಂತ ಕ್ರಿಯೆಯೆಂದು ಅವನು ನಿಶ್ಚಯಿಸಿದನು. ಅದೇ ಕಾಲದಲ್ಲಿ ಮೆಸ್ಸೀನಾಕ್ಕೆ ಬಂದಿದ್ದ ವಿರ್ಖೋ ಮಹಾಶಯನು ಈ ಪ್ರಯೋಗಗಳನ್ನು ನೋಡಿ ಪ್ರೋತ್ಸಾಹಿಸಿದನಾದರೂ, ಬಿಳಿಯ ಕಣಗಳು ರೋಗಬೀಜಗಳ ವಾಹಕಗಳೆಂಬ ಮತವೇ ವೈದ್ಯರಲ್ಲಿ ಪ್ರಬಲವಾಗಿರುವುದರಿಂದ ಎಚ್ಚರಿಕೆಯಿಂದ ಮುಂದುವರಿಯಬೇಕೆಂದು ಹೇಳಿದನು. ಈ ಎಚ್ಚರಿಕೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ನುಂಗುವ ಈ ಕಣಗಳಿಗೆ ವಿಯೆನ್ನಾದ ಪಂಡಿತರ ಸಲಹೆಯಂತೆ ಗ್ರೀಕ್ ಭಾಷೆಯಿಂದ ‘ಭಕ್ಷಕಕಣ’ವೆಂಬ ಅರ್ಥವುಳ್ಳ ಹೆಸರನ್ನು ಇಡಲಾಯಿತು. ೧೮೮೪ರಲ್ಲಿ ಮೆಚ್ನಿಕಾಫನು ಇನ್ನೊಂದು ಪಾರದರ್ಶಕ ಜೀವಿಯನ್ನು, ಅಂದರೆ ಕೊಳದ ನೀರಿನಲ್ಲಿರುವ ನೀರುಚಿಗಟವನ್ನು, ತೆಗೆದುಕೊಂಡನು. ಒಂದು ಬಗೆಯ ಶಿಲೀಂಧ್ರದ ಸೂಜಿಯಂತಹ ಬೀಜಗಳು ಅದರ ಕರುಳನ್ನು ತೂರಿ ಮೈಯೊಳಗೆ ಹೊಗುತ್ತಿದ್ದುವು. ಭಕ್ಷಕಕಣಗಳು ಆ ಬೀಜಗಳನ್ನು ಸುತ್ತುಗಟ್ಟಿ ಕರಗಿಸಿದಲ್ಲಿ ಜೀವಿಯು ಉಳಿಯುತ್ತಿದ್ದಿತು. ಬೀಜಗಳು ಮೊಳೆತು ಕಣಗಳನ್ನು ಮೀರಿಸಿದಲ್ಲಿ ಜೀವಿಯು ಸಾಯುತ್ತಿದ್ದಿತು. ರೋಗವೆಂಬುದು ಎರಡು ಪಕ್ಷಗಳ ನಡುವಣ ಹೋರಾಟವೆಂಬುದನ್ನು ಮಾನವನು ಹೀಗೆ ಕಣ್ಣಾರೆ ಕಂಡನು.

ಪ್ರತಿಪಕ್ಷವೂ ದುರ್ಬಲವಾಗಿರಲಿಲ್ಲ. ೧೮೯೦ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ಪಂಡಿತರು, ಕಣಗಳನ್ನು ತೆಗೆದ ರಕ್ತದ ತಿಳಿಯಲ್ಲಿಯೂ ವಿಷವನ್ನು ತಡೆಯುವ ಶಕ್ತಿಯುಂಟೆಂದು ತೋರಿಸಿದರು. ರಕ್ಷಣೆಯು ರಸದಲ್ಲಿದೆಯೋ ಕಣದಲ್ಲಿದೆಯೋ ಎಂಬ ವಾದವು ಎರಡು ದಶಕಗಳವರೆಗೆ ನಡೆಯಿತು. ಎರಡೂ ಒಂದಕ್ಕೊಂದು ಸಹಕಾರಿಗಳೆಂಬುದು ಕ್ರಮೇಣ ತಿಳಿದುಬಂದಿತು. ೧೯೦೮ರಲ್ಲಿ ಕಣವಾದಿಯಾದ ಮೆಚ್ನಿಕಾಫನಿಗೂ ರಸವಾದಿಯಾದ ಪಾಲ್ ಎರ್ಲಿಕನಿಗೂ ನೊಬೆಲ್ ಪಾರಿತೋಷಕವನ್ನು ಜೊತೆಯಾಗಿ ಕೊಟ್ಟುದು ಈ ಸಮನ್ವಯಕ್ಕೆ ಮುದ್ರೆಯೊತ್ತಿದಂತಾಯಿತು.

೫. ಬಣ್ಣಕಟ್ಟಿದ ಚಿತ್ರಗಳ ಕಾಲ

ಕೋನ್‌ಹೈಮನ ಶಾಲೆಯಲ್ಲಿ ಅಭ್ಯಾಸಮಾಡಿದ ಇದೇ ಎರ್ಲಿಕನು ೧೮೭೯ರ ಸುಮಾರಿಗೆ, ಆಗತಾನೆ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದ ಕೃತಕ ಬಣ್ಣಗಳಿಂದ ಬಿಳಿಯ ಕಣಗಳಿಗೆ ಬಣ್ಣ ಕಟ್ಟಿ, ಅವುಗಳಲ್ಲಿ ನಾನಾ ಜಾತಿಗಳುಂಟೆಂದು ತೋರಿಸಿದ್ದನು. ಈ ವಿಧಾನವು ಸುಲಭವೂ ಸುಂದರವೂ ಆಗಿದ್ದುದರಿಂದ ಮುಂದೆ ಅದೇ ರಾಜಮಾರ್ಗವಾಯಿತು. ಕಣಗಳ ಜಾತಿ, ಆಕಾರ, ಸಂಖ್ಯೆ ಇವೆಲ್ಲವೂ ತಿಳಿದುವು. ಚಲನೆಯು ಮಾತ್ರ ಮರೆಯಾಯಿತು. ಬಣ್ಣ ಹಿಡಿಯಬೇಕಾದರೆ ಕಣವು ಸಾಯಲೇಬೇಕಾಗಿದ್ದಿತು.

ಈ ಕಾಲದಲ್ಲಿಯೂ ಜೀವಂತ ಅಂಗವನ್ನು ನೋಡುವ ಪ್ರಯತ್ನವು ಬಿಟ್ಟುಹೋಗಲಿಲ್ಲ. ೧೯೨೪ರಲ್ಲಿ ಅಮೆರಿಕಾದ ಸ್ಯಾಂಡಿಸನ್ ಎಂಬುವನು ಮೊಲದ ಕಿವಿಯಲ್ಲಿ ಪಾರದರ್ಶಕವಾದ ಸಣ್ಣ ಕೋಷ್ಠವೊಂದನ್ನು ಕೂಡಿಸಿ, ಅದರೊಳಗೆ ಹೊಸ ನಾಳಗಳು ಬೆಳೆದುಬರುವುದನ್ನು ನೋಡುವ ವಿಧಾನವನ್ನು ಕಂಡುಹಿಡಿದನು. ಪ್ರಕೃತಿಯು ಕಿಟಕಿಯನ್ನು ಇಡದಲ್ಲಿ ಮನುಷ್ಯನೇ ಇಟ್ಟ ಕಿಟಕಿಯಿದು. ಇಲಿಯಟ್ ಕ್ಲಾರ್ಕ್ ಮತ್ತು ಎಲಿನಾರ್ ಕ್ಲಾರ್ಕ್ ಎಂಬ ದಂಪತಿಗಳು ಇದರಿಂದ ಬಿಳಿಯ ಕಣಗಳ ನಡೆಯನ್ನು ದೀರ್ಘಕಾಲ ಅಭ್ಯಸಿಸಿದರು.

೧೯೫೦ರ ದಶಕದ ಕೊನೆಯಿಂದ ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ ಎಂಬ ಪಂಡಿತನು, ಬಿಳಿಯ ಕಣಗಳ ಒಂದು ಜಾತಿಯು ರಕ್ತದಿಂದ ದುಗ್ಧಗ್ರಂಥಿಗಳಿಗೂ ಅಲ್ಲಿಂದ ಮರಳಿ ರಕ್ತಕ್ಕೂ ಎಡೆಬಿಡದೆ ಸಂಚರಿಸುವುದೆಂದು ಸಾಧಿಸಿದನು. ಕಂಕುಳಲ್ಲಿಯೂ ತೊಡೆಯ ಸಂದಿಯಲ್ಲಿಯೂ ಗಾಯವಾದಾಗ ಬಾತುಕೊಳ್ಳುವ ಗಡ್ಡೆಗಳೇ ಈ ಗ್ರಂಥಿಗಳು. ಆದರೆ ಅವುಗಳೊಳಗೆ ಆ ಕಣಗಳು ಏನು ಮಾಡುತ್ತಿದ್ದುವೆಂಬುದನ್ನು ಕಂಡವರಿಲ್ಲ. ಬಣ್ಣಕಟ್ಟಿದ ತುಣುಕುಗಳಲ್ಲಿ ಅವು ಕಿಕ್ಕಿರಿದು, ಜಪಮಾಲೆಯ ಮಣಿಗಳಂತೆ ಒತ್ತೊತ್ತಾಗಿ ನಿಂತಂತೆ ತೋರುತ್ತಿದ್ದುವು. ನಿಂತಂತೆ ತೋರಿದುದರಿಂದ ನಿಂತೇ ಇರುವುವೆಂದು ಭಾವಿಸುವುದು ಸುಲಭವಾಗಿದ್ದಿತು.

೬. ಬೆಳಕಿನ ಹೊಸ ಉಪಾಯ

ಗ್ರಂಥಿಯೊಳಗೆ ಕಾಣದಿರುವುದಕ್ಕೆ ಕಾರಣವು ಅಂಗದ ಮಬ್ಬು. ಹಾಲಿನ ಪಾತ್ರೆಯ ತಳದಲ್ಲಿ ಬಿದ್ದ ಸೂಜಿಯು ಕಾಣದಂತೆ, ಮಾಂಸದೊಳಗೆ ಹೊಕ್ಕ ಬೆಳಕು ನಾನಾ ಕಡೆಗೆ ಚೆದರಿಹೋಗಿ ಚಿತ್ರವು ಕೆಡುತ್ತದೆ. ಇದಕ್ಕೆ ಪರಿಹಾರದ ಬೀಜವನ್ನು ಬಿತ್ತಿದವಳು ಜರ್ಮನಿಯ ಗಟ್ಟಿಂಗನ್ ವಿದ್ಯಾಪೀಠದ ಮರಿಯಾ ಗೋಪರ್ಟ್ ಎಂಬ ತರುಣಿ. ಬೆಳಕಿನ ಎರಡು ಕಣಗಳು ಏಕಕಾಲದಲ್ಲಿ ಬಂದು ತಾಕಿದರೆ, ಒಂದರಿಂದ ಆಗದ ಕಾರ್ಯವು ಎರಡರಿಂದ ಆದೀತೆಂದು ಅವಳು ೧೯೩೧ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಗಣಿತದಿಂದ ಸಾಧಿಸಿದಳು. ಅವಳ ಗುರುವಾದ ಮ್ಯಾಕ್ಸ್ ಬೋರ್ನನು ೧೯೩೫–೩೬ರಲ್ಲಿ ಸರ್ ಸಿ. ವಿ. ರಾಮನ್ನರ ಆಹ್ವಾನದಂತೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ಇದ್ದುದನ್ನು ಕನ್ನಡಿಗರು ನೆನೆಯಬಹುದು.

ಒಬ್ಬನಿಂದ ಏಳದ ಬಂಡೆಯನ್ನು ಇಬ್ಬರು ಒಂದೇ ಕ್ಷಣದಲ್ಲಿ ಕೈಹಚ್ಚಿ ಎತ್ತುವಂತೆ ಈ ಕಾರ್ಯವು. ಅಂತಹ ಸಮಾಗಮವು ಬೆಳಕು ಅತಿ ಸಾಂದ್ರವಾಗಿರುವ ಒಂದು ಬಿಂದುವಿನಲ್ಲಲ್ಲದೆ ಬೇರೆಡೆ ನಡೆಯದು. ಆದುದರಿಂದ ಆ ಬಿಂದುವು ಮಾತ್ರವೇ ಹೊಳೆಯುವುದು, ಸುತ್ತಲಿನದು ಕತ್ತಲೆಯಾಗಿರುವುದು. ಇದಕ್ಕೆ ಬೇಕಾದ ತೀಕ್ಷ್ಣವಾದ ಲೇಸರ್ ಬೆಳಕು ೧೯೬೦ರವರೆಗೆ ಇರಲಿಲ್ಲ. ೧೯೯೦ರಲ್ಲಿ ಅಮೆರಿಕಾದ ಕಾರ್ನೆಲ್ ವಿದ್ಯಾಪೀಠದ ಡೆಂಕ್, ಸ್ಟ್ರಿಕ್ಲರ್, ವೆಬ್ ಎಂಬ ಮೂವರು ಈ ತತ್ತ್ವದ ಮೇಲೆ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. ಅದರಲ್ಲಿ ಬೆಳಕು ಒಂದೇ ಸಮನೆ ಬೀಳದೆ, ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಅಲ್ಪಕಾಲದ ಮಿಂಚುಗಳಾಗಿ ಬೀಳುವುದು. ಕಣ್ಣಿಗೆ ಕಾಣದ ಅವರಕ್ತ ಕಿರಣಗಳಾದುದರಿಂದ ಅವು ಹೆಚ್ಚು ಚೆದರದೆ ಮಿಲಿಮೀಟರಿನ ಕೆಲವು ದಶಾಂಶಗಳಷ್ಟು ಆಳಕ್ಕೆ ಇಳಿಯುವುವು. ನೋಡುವವರಿಗೆ ಇದು ಅಲ್ಪವೆನಿಸಿದರೂ ಕಣಗಳ ಅಳತೆಯಲ್ಲಿ ಇದು ಪಾತಾಳದಷ್ಟು ಆಳವು.

ಇನ್ನು ನೋಡಬೇಕಾದ ಕಣವೂ ಹೊಳೆಯಬೇಕಷ್ಟೆ. ಇದಕ್ಕೆ ಒದಗಿದುದು ಸಮುದ್ರದ ಒಂದು ಲೋಳೆಮೀನಿನಲ್ಲಿರುವ ಹಸುರು ಹೊಳಪಿನ ಪದಾರ್ಥವು. ಅದನ್ನು ಜಪಾನದ ಶಿಮೊಮುರಾ ಎಂಬುವನು ೧೯೬೨ರಲ್ಲಿ ಬೇರ್ಪಡಿಸಿ ತೋರಿಸಿದ್ದನು. ೧೯೯೪ರಲ್ಲಿ ಮಾರ್ಟಿನ್ ಚಾಲ್ಫಿ ಎಂಬುವನು ಆ ಗುಣವನ್ನು ಬೇರೆ ಪ್ರಾಣಿಗಳ ಜೀವಕೋಶಗಳಿಗೆ ಕೊಡಬಹುದೆಂದು ತೋರಿಸಿದನು. ಈಗ ಕಣವು ಸಾಯದೆಯೇ ಬಣ್ಣವನ್ನು ತಾಳಿತು. ಬಣ್ಣ ತಾಳಿಯೂ ನಡೆಯಿತು.

೭. ಗ್ರಂಥಿಯೊಳಗಿನ ಸಂಚಾರ

ಹೊಳೆಯುವ ಕಣ, ಆಳಕ್ಕಿಳಿಯುವ ಬೆಳಕು ಇವೆರಡೂ ಕೂಡಿದುದರ ಫಲವು ೨೦೦೨ರಲ್ಲಿ ಕಾಣಿಸಿತು. ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದ ಅರ್ವೈನ್ ನಗರದಲ್ಲಿ ಮಿಲ್ಲರ್, ಪಾರ್ಕರ್, ಕಹಲನ್ ಮೊದಲಾದವರು ಇಲಿಯ ದುಗ್ಧಗ್ರಂಥಿಯೊಂದನ್ನು ಬೆಚ್ಚಗಿನ, ಪ್ರಾಣವಾಯು ತುಂಬಿದ ದ್ರವದಲ್ಲಿ ಜೀವಂತವಾಗಿರಿಸಿ ನೋಡಿದರು. ಮಣಿಗಳಂತೆ ನಿಂತಿರುವುವೆಂದು ಭಾವಿಸಿದ್ದ ಕಣಗಳು ಅಲ್ಲಿ ಸಂತೆಯ ಜನದಂತೆ ಓಡಾಡುತ್ತಿದ್ದುವು! ಟಿ-ಕಣಗಳೆಂಬ ಜಾತಿಯವು ಮಿನಿಟಿಗೆ ಸರಾಸರಿ ೧೧ ಮೈಕ್ರಾನು, ಕೆಲವು ವೇಳೆ ೨೫ ಮೈಕ್ರಾನಿಗೂ ಮಿಗಿಲಾಗಿ ಸಾಗುತ್ತಿದ್ದುವು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗವು. ಅಂದರೆ ಪ್ರತಿ ಮಿನಿಟಿಗೂ ಕಣವು ತನ್ನ ಮೈಯಳತೆಗಿಂತ ಹೆಚ್ಚು ದೂರ ನಡೆಯುತ್ತಿದ್ದಿತು. ಗ್ರಂಥಿಯನ್ನು ಹೊರತೆಗೆದುದರಿಂದಲೇ ಹೀಗಾಯಿತೋ ಏನೋ ಎಂಬ ಶಂಕೆಯನ್ನು ಅದೇ ಪಂಡಿತರು ೨೦೦೩ರಲ್ಲಿ, ಮೂರ್ಛೆಗೊಳಿಸಿದ ಇಲಿಯ ಮೈಯಲ್ಲಿಯೇ ಗ್ರಂಥಿಯನ್ನು ನೋಡಿ ಪರಿಹರಿಸಿದರು.

ಈ ಅಲೆದಾಟಕ್ಕೆ ಅರ್ಥವೇನು? ಒಂದೊಂದು ಟಿ-ಕಣವೂ ಒಂದೊಂದು ಬಗೆಯ ಶತ್ರುವಿನ ಗುರುತನ್ನು ಮಾತ್ರ ಅರಿಯಬಲ್ಲುದು. ಆ ಗುರುತನ್ನು ಹೊತ್ತು ತರುವವು ಕೊಂಬೆಗಳಂತಹ ಕೈಗಳುಳ್ಳ ಬೇರೊಂದು ಜಾತಿಯ ಕಣಗಳು. ಇವುಗಳನ್ನು ಸ್ಟೈನ್‌ಮನ್ ಎಂಬುವನು ೧೯೭೩ರಲ್ಲಿ ಕಂಡುಹಿಡಿದಿದ್ದನು. ಇಂತಹ ಒಂದು ಶಾಖಾಕಣವು ಗಂಟೆಗೆ ನೂರಾರು ಟಿ-ಕಣಗಳನ್ನು ಮುಟ್ಟಿ ನೋಡುವುದು. ಹೀಗೆ ಎಲ್ಲರನ್ನೂ ವಿಚಾರಿಸದೆ ಗುರುತು ಹಿಡಿಯಬಲ್ಲ ಆ ಒಬ್ಬನು ಸಿಕ್ಕುವುದು ಅಸಾಧ್ಯವು. ಆದುದರಿಂದ ಕಣಗಳ ಅಲೆದಾಟವು ವ್ಯರ್ಥವಲ್ಲ. ಅದೇ ಅವುಗಳ ಕಾಯಕವು.

೨೦೦೪ರಲ್ಲಿ ಮೆಂಪೆಲ್, ಹೆನ್ರಿಕ್ಸನ್, ವಾನ್ ಆಂಡ್ರಿಯಾನ್ ಎಂಬುವರು, ಗುರುತು ಕೂಡಿದ ಮೇಲೆ ನಡೆಯುವ ವ್ಯವಹಾರವು ಮೂರು ಘಟ್ಟಗಳಲ್ಲಿ ಸಾಗುವುದೆಂದು ಇಲಿಯ ಗ್ರಂಥಿಯಲ್ಲಿ ಕಂಡರು. ಮೊದಲ ಎಂಟು ಗಂಟೆಗಳ ಕಾಲ ಟಿ-ಕಣವು ಶಾಖಾಕಣಗಳನ್ನು ಆಗಾಗ ಮುಟ್ಟಿ ಬಿಡುವುದು. ಮುಂದಿನ ಹನ್ನೆರಡು ಗಂಟೆಗಳಲ್ಲಿ ಒಂದನ್ನೇ ಬಿಗಿಯಾಗಿ ಹಿಡಿದು ನಿಲ್ಲುವುದು. ಎರಡನೆಯ ದಿನ ಮತ್ತೆ ಬಿಡಿಸಿಕೊಂಡು ಚುರುಕಾಗಿ ಓಡಾಡುತ್ತ, ತನ್ನಂತಹವುಗಳನ್ನು ಹೆಚ್ಚಿಸಿಕೊಳ್ಳುವುದು. ಕೇಳುವುದು, ನಿಷ್ಠೆಯಿಂದ ನಿಲ್ಲುವುದು, ಬಳಿಕ ಹೊರಟು ಹರಡುವುದು ಎಂಬ ಈ ಕ್ರಮವನ್ನು ಯಾವ ಸ್ಥಿರಚಿತ್ರವೂ ತಿಳಿಸಲಾರದು.

೨೦೦೫ರಲ್ಲಿ ನಿಮ್ಮರ್‌ಯಾನ್ ಮೊದಲಾದವರು ಇಲಿಯ ಮಿದುಳಿನಲ್ಲಿರುವ ಕಾವಲುಕಣಗಳನ್ನು, ಬುರುಡೆಯನ್ನು ತೆರೆಯದೆ ತೆಳುವಾಗಿ ತೇದು, ಅದರ ಮೂಲಕವೇ ನೋಡಿದರು. ವಿಶ್ರಾಂತವೆಂದು ಪುಸ್ತಕಗಳಲ್ಲಿ ಹೆಸರು ಪಡೆದಿದ್ದ ಈ ಕಣಗಳು ತಮ್ಮ ಎಳೆಗೈಗಳನ್ನು ಅವಿರತವಾಗಿ ಚಾಚಿ ಹಿಂದೆಗ್ಗಿಸುತ್ತ, ಕೆಲವೇ ಗಂಟೆಗಳಲ್ಲಿ ತಮ್ಮ ಸುತ್ತಲಿನ ಪ್ರದೇಶವನ್ನೆಲ್ಲ ತಡವಿ ನೋಡುತ್ತಿದ್ದುವು. ಸೂಕ್ಷ್ಮವಾದ ಒಂದು ನಾಳವನ್ನು ನೋಯಿಸಿದೊಡನೆ ಕೆಲವು ನಿಮಿಷಗಳಲ್ಲಿ ನಾಲ್ಕೂ ಕಡೆಯಿಂದ ಕೈಗಳು ಅಲ್ಲಿಗೆ ಹರಿದುಬಂದುವು. ನಿದ್ರಿಸುತ್ತಿರುವರೆಂದು ತಿಳಿದಿದ್ದವರೇ ನಿಜವಾದ ಜಾಗರಣೆಯಲ್ಲಿದ್ದರು.

೮. ಗಂಗೆಯ ಕಿರುಮೀನು ಮತ್ತು ಕ್ಷಯರೋಗ

ಶ್ರೀರಂಗಪಟ್ಟಣವು ಬಿದ್ದ ಮೇಲೆ, ೧೮೦೦–೧೮೦೧ರಲ್ಲಿ, ಮೈಸೂರು ಮತ್ತು ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ ಇಲ್ಲಿಯ ಬೆಳೆ, ಕಸುಬು, ಜನಜೀವನಗಳನ್ನು ವಿವರವಾಗಿ ಬರೆದ ಫ್ರಾನ್ಸಿಸ್ ಬುಕಾನನ್ನನ ಹೆಸರು ಕನ್ನಡನಾಡಿನ ಇತಿಹಾಸವನ್ನು ಓದಿದವರಿಗೆ ಗೊತ್ತು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ ಇವನು ಗಂಗಾನದಿಯ ಮೀನುಗಳ ಮೇಲೆ ೧೮೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೈಮೇಲೆ ನೀಲಿಯ ಪಟ್ಟೆಗಳುಳ್ಳ ಬೆರಳುದ್ದದ ಒಂದು ಮೀನನ್ನು ‘ರೇರಿಯೋ’ ಎಂದು ಹೆಸರಿಸಿ ವರ್ಣಿಸಿದನು. ಈ ಮೀನಿನ ಮರಿಯು ತಾಯಿಯ ದೇಹದ ಹೊರಗೆ, ಮೊಟ್ಟೆಯಲ್ಲಿಯೇ ಬೆಳೆಯುವುದು. ಮೊದಲ ದಿನಗಳಲ್ಲಿ ಅದರ ಮೈ ಗಾಜಿನಂತೆ ಪಾರದರ್ಶಕವಾಗಿರುವುದು. ಈ ಕಾರಣದಿಂದ ಗಂಗೆಯ ಆ ಕಿರುಮೀನು ಇಂದು ಜಗತ್ತಿನ ಪ್ರಯೋಗಶಾಲೆಗಳನ್ನೆಲ್ಲ ಸೇರಿದೆ. ೧೯೯೯ರಲ್ಲಿ ಫ್ರಾನ್ಸಿನ ಹೆರ್ಬೊಮೆಲ್ ಮೊದಲಾದವರು ಅದರ ಮರಿಯಲ್ಲಿ ಭಕ್ಷಕಕಣಗಳ ನಡವಳಿಕೆಯನ್ನು ನೋಡಿ ವಿವರಿಸಿದರು.

ಮೆಚ್ನಿಕಾಫನು ಮುಳ್ಳು ಚುಚ್ಚಿದ ೧೮೮೨ರಲ್ಲಿಯೇ ರಾಬರ್ಟ್ ಕಾಕ್ ಎಂಬ ಜರ್ಮನ್ ಪಂಡಿತನು ಕ್ಷಯರೋಗದ ಬೀಜಾಣುವನ್ನು ಕಂಡುಹಿಡಿದಿದ್ದನು. ಕ್ಷಯದಲ್ಲಿ ಭಕ್ಷಕಕಣಗಳು ಬೀಜಾಣುಗಳ ಸುತ್ತ ಒತ್ತಾಗಿ ನೆರೆದು ಗಂಟು ಕಟ್ಟುವುವು. ಸತ್ತವರ ಶ್ವಾಸಕೋಶಗಳಲ್ಲಿ ಈ ಗಂಟುಗಳನ್ನು ಕಂಡವರು, ಇದು ಶತ್ರುವನ್ನು ಸೆರೆಯಲ್ಲಿಡಲು ದೇಹವು ಕಟ್ಟಿದ ಕೋಟೆಯೆಂದು ತಲೆಮಾರುಗಳಿಂದ ಬೋಧಿಸುತ್ತ ಬಂದಿದ್ದರು. ಮೆಚ್ನಿಕಾಫನ ಪಕ್ಷವು ಗೆದ್ದ ಮೇಲೆ ಈ ಅನುಮಾನವು ಸಹಜವೇ ಆಗಿದ್ದಿತು.

ಬಡೋದೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು ಅಮೆರಿಕಾಕ್ಕೆ ಹೋದ ಲಲಿತಾ ರಾಮಕೃಷ್ಣನ್ ಎಂಬ ವಿದುಷಿಯು ಈ ಕೋಟೆಯನ್ನು ಬದುಕಿರುವ ಮೀನಿನ ಮರಿಯಲ್ಲಿಯೇ ನೋಡಬೇಕೆಂದು ಸಂಕಲ್ಪಿಸಿದರು. ಕ್ಷಯಬೀಜದ ದಾಯಾದಿಯಾದ, ಮೀನುಗಳಿಗೆ ತಗಲುವ ಬೀಜಾಣುವೊಂದನ್ನು ಮರಿಯಲ್ಲಿ ಸೇರಿಸಿ, ಭಕ್ಷಕಕಣಗಳು ಅದನ್ನು ನುಂಗುವುದನ್ನೂ ಗಂಟು ಕಟ್ಟುವುದನ್ನೂ ಅವರೂ ಅವರ ಸಹಾಯಕರೂ ೨೦೦೨ರಲ್ಲಿ ತೋರಿಸಿದರು. ೨೦೦೯ರಲ್ಲಿ ಡೇವಿಸ್ ಎಂಬ ಶಿಷ್ಯನೊಡನೆ ಅವರು ಪ್ರಕಟಿಸಿದ ಸಂಗತಿಯು ಎಲ್ಲರನ್ನೂ ಬೆರಗುಗೊಳಿಸಿತು. ಬೀಜಾಣುವನ್ನು ನುಂಗಿದ ಕಣವು ಸಾಯುತ್ತಲೇ ಹೊಸ ಕಣಗಳು ಓಡಿಬಂದು ಆ ಶವವನ್ನು ನುಂಗುವುವು. ನುಂಗಿದೊಡನೆ ಅದರೊಳಗಿನ ಬೀಜಾಣುಗಳು ಹೊಸ ಕಣಗಳಲ್ಲಿ ಮನೆ ಮಾಡುವುವು. ಹೀಗೆ ಒಂದರಿಂದ ಹಲವಾಗಿ ಬೀಜಾಣುಗಳು ಹೆಚ್ಚುವುವು. ಅಷ್ಟೇ ಅಲ್ಲದೆ, ಸೋಂಕಿದ ಕೆಲವು ಕಣಗಳು ಗಂಟನ್ನು ಬಿಟ್ಟು ಹೊರಟು ದೂರದಲ್ಲಿ ಹೊಸ ಗಂಟಿಗೆ ಮೂಲವಾಗುವುವು. ಕೋಟೆಯೆಂದು ತಿಳಿದುದು ರೋಗದ ಆರಂಭಕಾಲದಲ್ಲಿ ಶತ್ರುವಿಗೇ ಅನ್ನಸತ್ರವಾಗಿದ್ದಿತು.

ಇಲ್ಲಿ ವಿರ್ಖೋವಿನ ಎಚ್ಚರಿಕೆಯನ್ನು ಮತ್ತೆ ನೆನೆಯಬೇಕು. ಬಿಳಿಯ ಕಣಗಳು ರೋಗದ ವಾಹಕಗಳೆಂಬ ಹಳೆಯ ಮತವನ್ನು ಮೆಚ್ನಿಕಾಫನ ದರ್ಶನವು ಬದಿಗೆ ಸರಿಸಿದ್ದಿತು. ಸುಮಾರು ನೂರಿಪ್ಪತ್ತೈದು ವರ್ಷಗಳ ಮೇಲೆ, ಅದೇ ವಿಧಾನದಿಂದ, ಅದೇ ಬಗೆಯ ಪಾರದರ್ಶಕ ಮರಿಯಲ್ಲಿ ನೋಡಿದಾಗ, ಈ ಒಂದು ರೋಗದ ಮಟ್ಟಿಗೆ ಆ ಹಳೆಯ ಮಾತಿನಲ್ಲಿಯೂ ಸತ್ಯದ ಅಂಶವಿದ್ದುದು ತಿಳಿದುಬಂದಿತು. ರಕ್ಷಕರು ರಕ್ಷಕರೇ ಹೌದು. ರೋಗದ ಮುಂದಿನ ಹಂತದಲ್ಲಿ ಗಂಟು ಬೀಜಾಣುವನ್ನು ತಡೆಯುವುದೂ ಉಂಟು. ಆದರೆ ರಕ್ಷಕನ ಉತ್ಸಾಹವನ್ನೇ ಬಳಸಿಕೊಳ್ಳುವ ಕಪಟಿಯಾದ ಶತ್ರುವೂ ಉಂಟು. ಕ್ಷಯವು ಇಂದಿಗೂ ಭರತಖಂಡದಲ್ಲಿ ಅಸಂಖ್ಯಾತ ಕುಟುಂಬಗಳನ್ನು ಕಂಗೆಡಿಸುತ್ತಿರುವ ವ್ಯಾಧಿಯಾದುದರಿಂದ ಈ ತಿಳಿವಳಿಕೆಯು ಕೇವಲ ಕುತೂಹಲದ ವಿಷಯವಲ್ಲ. ಯಾವುದಕ್ಕೆ ಔಷಧಿಯಿಂದ ಬಲ ಕೊಡಬೇಕು, ಯಾವುದನ್ನು ತಡೆಯಬೇಕು ಎಂಬ ವಿವೇಕವು ಇದನ್ನು ಅವಲಂಬಿಸಿದೆ.

೯. ದಯೆಯ ಪ್ರಶ್ನೆ

ದಯೆಯನ್ನೇ ಧರ್ಮದ ತಳಹದಿಯೆಂದು ನಂಬಿದ ಸಮಾಜದಲ್ಲಿ ಒಂದು ಆಕ್ಷೇಪವು ಹುಟ್ಟುವುದು ಸಹಜವು. ಈ ದರ್ಶನಗಳೆಲ್ಲ ಮೂಕಪ್ರಾಣಿಗಳ ದೇಹದಲ್ಲಿ ನಡೆದವಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಕೋನ್‌ಹೈಮನ ಕಾಲದಲ್ಲಿ ಕಪ್ಪೆಗಳನ್ನು ಅಲುಗದಂತೆ ಮಾಡಲು ಕುರಾರೆಯೆಂಬ ವಿಷವನ್ನು ಬಳಸುತ್ತಿದ್ದರು. ಅದು ಸ್ನಾಯುಗಳನ್ನು ಕಟ್ಟಿಹಾಕುವುದಲ್ಲದೆ ನೋವಿನ ಅರಿವನ್ನು ತೆಗೆಯುವುದಿಲ್ಲವೆಂದು ಫ್ರಾನ್ಸಿನ ಕ್ಲೋದ್ ಬೆರ್ನಾರನು ಅದಕ್ಕೆ ಮೊದಲೇ ತೋರಿಸಿದ್ದನು. ಇಂಗ್ಲೆಂಡಿನಲ್ಲಿ ೧೮೭೬ರ ಶಾಸನವು ಕುರಾರೆಯನ್ನು ನೋವುನಿವಾರಕವೆಂದು ಎಣಿಸತಕ್ಕದ್ದಲ್ಲವೆಂದು ಸ್ಪಷ್ಟವಾಗಿ ವಿಧಿಸಿತು. ಭಾರತದಲ್ಲಿ ೧೯೬೦ರ ಪ್ರಾಣಿಹಿಂಸಾನಿವಾರಣ ಶಾಸನವು ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯನ್ನು ಏರ್ಪಡಿಸಿ, ಶಸ್ತ್ರಕ್ರಿಯೆಯ ಕಾಲದಲ್ಲಿ ಪ್ರಾಣಿಗೆ ಅರಿವಳಿಕೆಯನ್ನು ಕೊಡಬೇಕೆಂಬ ವಿಧಿಯನ್ನು ಹಾಕಿದೆ. ಒಂದೇ ಜೀವಿಯನ್ನು ಬದುಕಿರುವಂತೆಯೇ ಮತ್ತೆ ಮತ್ತೆ ನೋಡಬಹುದಾದುದರಿಂದ, ಗಂಟೆಗೊಂದರಂತೆ ಹಲವು ಜೀವಿಗಳನ್ನು ಕೊಂದು ತುಣುಕುಮಾಡುವ ಅಗತ್ಯವು ಕೆಲವು ಪ್ರಯೋಗಗಳಲ್ಲಿ ಕಡಮೆಯಾಗುವುದೂ ನಿಜ. ಆದರೂ ಋಣವು ಋಣವೇ. ಮನುಷ್ಯನ ಆರೋಗ್ಯಜ್ಞಾನದ ಹಿಂದೆ ಈ ಮೂಕಜೀವಿಗಳ ಉಪಕಾರವಿದೆಯೆಂಬುದನ್ನು ಮರೆಯದಿರುವುದು ಮತ್ತು ಅನಗತ್ಯವಾದ ನೋವನ್ನು ಸಹಿಸದಿರುವುದು ವಿದ್ಯಾವಂತರ ಕರ್ತವ್ಯವು.

೧೦. ಉಪಸಂಹಾರ

ಮೇಲಿನ ಇತಿಹಾಸದಿಂದ ಎರಡು ಮಾತುಗಳು ಸಿದ್ಧಿಸುವುವು. ಮೊದಲನೆಯದು, ಜೀವವನ್ನು ಅರಿಯಬೇಕಾದರೆ ಜೀವವಿರುವಲ್ಲಿಯೇ ಅದನ್ನು ನೋಡಬೇಕು. ಸತ್ತ ತುಣುಕು ಕಣದ ರೂಪವನ್ನು ತೋರಿಸಿತು. ಅದರ ಕಾಯಕವನ್ನು ತೋರಿಸಲಿಲ್ಲ. ಸ್ಥಳದಲ್ಲಿಯೇ ಹುಟ್ಟಿದುವೆಂದುದು ದೂರದಿಂದ ಬಂದುದಾಗಿತ್ತು, ನಿಂತಿವೆಯೆಂದುದು ಓಡುತ್ತಿತ್ತು, ಮಲಗಿವೆಯೆಂದುದು ಎಚ್ಚತ್ತಿತ್ತು, ಕೋಟೆಯೆಂದುದು ಸತ್ರವಾಗಿತ್ತು. ಎರಡನೆಯದು, ಪ್ರತ್ಯಕ್ಷವೂ ಒಂದು ಸಲ ಕಂಡುದರಿಂದ ಮುಗಿಯುವುದಿಲ್ಲ. ಸೂಕ್ಷ್ಮದರ್ಶಕದ ಕಿಟಕಿಯು ಬಹು ಕಿರಿದು. ಅಂಗವನ್ನು ಹೊರತೆಗೆಯುವುದರಿಂದಲೇ ಅಲ್ಲಿ ಉರಿಯು ಹುಟ್ಟಬಹುದು. ಬೆಳಕಿನ ಕಾವೇ ಕಣವನ್ನು ಬಾಧಿಸಬಹುದು. ಆದುದರಿಂದ ನೋಡಿದವನು ತನ್ನ ನೋಟವನ್ನೂ ಪರೀಕ್ಷಿಸಿಕೊಳ್ಳುತ್ತಿರಬೇಕು. ಸತ್ಯಕ್ಕಾಗಿ ಗುರುವಿನ ಮತವನ್ನು ವಿನಯದಿಂದ ತಿದ್ದಿದ ಶಿಷ್ಯನಂತೆ, ಅವಶ್ಯವಾದಲ್ಲಿ ತನ್ನ ಮತವನ್ನೂ ತಿದ್ದಿಕೊಳ್ಳಲು ಸಿದ್ಧನಾಗಿರಬೇಕು.

ಕಾಯವನ್ನು ತುಚ್ಛವೆಂದು ಕಡೆಗಣಿಸದೆ ಸಾಧನೆಯ ಕ್ಷೇತ್ರವೆಂದು ಗೌರವಿಸಿದ ಶರಣಪರಂಪರೆಗೆ ಶರೀರವಿದ್ಯೆಯು ಪರಕೀಯವಾದುದಲ್ಲ. ಕನ್ನಡನಾಡಿನ ಮಠಗಳು ಪ್ರಸಾದನಿಲಯಗಳನ್ನೂ ಪಾಠಶಾಲೆಗಳನ್ನೂ ನಡೆಸಿ, ಬಡವರ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡುತ್ತ ಬಂದಿವೆ. ಆ ನಿಲಯಗಳಲ್ಲಿ ಉಂಡು ಓದಿದ ಮಕ್ಕಳು ವೈದ್ಯರಾಗಿಯೂ ವಿಜ್ಞಾನಿಗಳಾಗಿಯೂ ದೇಶದೇಶಗಳಲ್ಲಿ ಸೇವೆಮಾಡುತ್ತಿರುವರು. ಪ್ರತಿಯೊಂದು ಶರೀರದೊಳಗೂ ಹಗಲಿರುಳೆನ್ನದೆ, ಫಲವನ್ನು ಬಯಸದೆ, ಅಸಂಖ್ಯಾತ ಸೂಕ್ಷ್ಮಜೀವಗಳು ಕಾವಲನ್ನು ತಿರುಗುತ್ತಿವೆ. ಅವುಗಳ ನಡೆಯನ್ನು ಇನ್ನೂ ಸ್ಪಷ್ಟವಾಗಿ ಕಂಡು, ಕ್ಷಯಾದಿ ಮಹಾವ್ಯಾಧಿಗಳ ಕಪಟವನ್ನು ಬಯಲಿಗೆ ತರುವ ಕಾರ್ಯದಲ್ಲಿ ಈ ಮಕ್ಕಳೂ ಕೈಗೂಡಿಸಲಿ. ಅವರ ನೋಟವು ನಿರ್ಮಲವಾಗಿರಲಿ, ಅವರ ಕೈಯಲ್ಲಿ ದಯೆಯಿರಲಿ ಎಂದು ಈ ಮಹೋತ್ಸವದ ಶುಭಸಮಯದಲ್ಲಿ ಸದ್ಭಕ್ತರೆಲ್ಲರೂ ಹಾರೈಸುವುದು ಯುಕ್ತವಾಗಿದೆ.

ಸರ್ವೇಷಾಂ ಶುಭಂ ಭವತು.